ಹದಕ್ಕೆ ಬಾರದ ಮನಸ್ಸು, ಮಾಡಬೇಕಾದ ಕೆಲಸ

ಸುಗ್ಗಿಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಒಂದು ಕುಂಬಳಕಾಯಿಗೆ ಏನು ಬೆಲೆ ಎಂದು ಹೇಳುವುದು ಕಷ್ಟ. ಸಂತೆಯಲ್ಲಿ ಐವತ್ತು ರೂಪಾಯಿಗೆ ಕೇಳುವವರಿಲ್ಲದ ಕಾಯಿ ಅಲ್ಲಿ ಐನೂರಕ್ಕೆ ಏರುತ್ತದೆ, ಒಮ್ಮೊಮ್ಮೆ ಎರಡು ಸಾವಿರಕ್ಕೂ ಹೋಗುತ್ತದೆ. ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದು ಹಳೆಯ ರೂಢಿ. ಜನ ತಂದಿಟ್ಟ ಜೋಳ, ತೊಗರಿ, ಬದನೆಕಾಯಿ, ಕೋಳಿ, ಮೊಟ್ಟೆಗಳನ್ನು ಆರಾಧನೆ ಮುಗಿದ ಮೇಲೆ ಅಂಗಳಕ್ಕೆ ತಂದು ಲಿಲಾವಿಗೆ ಹಾಕುತ್ತಾರೆ. ಕೂಗುವವನು ಊರಿನ ನಾಡಿ ಬಲ್ಲವನಾಗಿರಬೇಕು. ಯಾರ ಕಬ್ಬಿನ ಬಿಲ್ಲು ಮೊನ್ನೆ ಬಂದಿದೆ, ಪಂಚಾಯ್ತಿ ಇಲೆಕ್ಷನ್ನಿನಲ್ಲಿ ಯಾರಿಗೂ ಯಾರಿಗೂ ಕೆಟ್ಟಿದೆ, ಯಾರ ಬೀಗರು ಇವತ್ತು ಬಂದು ಕೂತಿದ್ದಾರೆ, ಇಷ್ಟು ಗೊತ್ತಿದ್ದರೆ ಸಾಕು. “ಅವ್ರು ಸಾವಿರ ಅಂದ್ರು, ನೀವು ಸುಮ್ಮ ಕುಂತ್ರೇನ್ರಿ?” ಎಂದು ಒಂದು ಮಾತು ಎಸೆದರೆ ಸವಾಲು ಮತ್ತೆ ಮೇಲೇಳುತ್ತದೆ. ಗೆದ್ದವನು ಮೀಸೆ ತಿರುವಿ ಕಾಯನ್ನು ಸಭೆಗೇ ತಿರುಗಿ ಕೊಡುತ್ತಾನೆ. ಅದು ಇನ್ನೊಮ್ಮೆ ಲಿಲಾವಾಗುತ್ತದೆ.

ಕೂಡಿದ ದುಡ್ಡು ಸಭಾಪಾಲಕರ ಸಂಬಳಕ್ಕೆ, ತಗಡು ಹಾರಿದ ಛಾವಣಿಗೆ, ಯಾರೋ ಬಡವಳ ಔಷಧಿಗೆ ಹೋಗುತ್ತದೆ. ಬೆಳೆದದ್ದರಲ್ಲಿ ಮೊದಲ ಪಾಲು ದೇವರಿಗೆ ಕೊಡಬೇಕೆಂಬ ಆಜ್ಞೆಯ ಪಾಲನೆಯಾಯಿತೇ ಎಂದು ಕೇಳಿದರೆ, ಆಯಿತು. ಎರಡು ಸಾವಿರ ಕೂಗಿದ ಹೊತ್ತಿನಲ್ಲಿ ಕೂಗಿದವನ ಮನಸ್ಸಿನಲ್ಲಿ ದೇವರಿದ್ದನೇ ಎಂದು ಕೇಳಿದರೆ, ದೇವರಿಗಿಂತ ಹೆಚ್ಚಾಗಿ ಎದುರು ಸಾಲಿನಲ್ಲಿ ಕೂತವನು ಇದ್ದ. ಹಾಗಾದರೆ ಆ ಎರಡು ಸಾವಿರ ಕಾಣಿಕೆಯೋ, ಜಿದ್ದಿನ ಲೆಕ್ಕವೋ?

ಕ್ರೈಸ್ತ ಚಿಂತನೆ ಎರಡು ಸಾವಿರ ವರ್ಷಗಳಿಂದ ಈ ಪ್ರಶ್ನೆಯನ್ನು ಹೊತ್ತು ತಿರುಗುತ್ತಿದೆ. ಮನಸ್ಸು ಪೂರ್ತಿ ಶುದ್ಧವಾಗಿಲ್ಲದಿದ್ದರೂ ದೇವರು ಹೇಳಿದ್ದನ್ನು ಮಾಡಬೇಕೇ, ಅಥವಾ ಮನಸ್ಸು ಶುದ್ಧವಾಗುವವರೆಗೆ ಕಾಯಬೇಕೇ? ಅಫಜಲಪುರದಂಥ ಭೀಮಾ ದಂಡೆಯ ತಾಲೂಕಿನಲ್ಲಿ ನಿಂತು ಇದನ್ನು ಕೇಳಿದರೆ ದೇವಶಾಸ್ತ್ರದ ಪುಸ್ತಕದಲ್ಲಿ ಕಾಣದ ಒಂದು ಸಂಗತಿಯೂ ಕಾಣುತ್ತದೆ. ನಿನ್ನ ಉದ್ದೇಶವೇನು ಎಂಬ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ಸಮನೆ ಕೇಳಿಲ್ಲ. ಹಸಿದವರಿಗೆ ಕೇಳಿದಷ್ಟು ಉಂಡವರಿಗೆ ಕೇಳಿಲ್ಲ.

ಮೊದಲು ಬೈಬಲ್ಲಿನ ಮಾತು. ಅಲ್ಲಿ ಒಂದೇ ಉತ್ತರ ಸಿಕ್ಕುತ್ತದೆಂದು ಹೋದವರು ಬರಿಗೈಯಲ್ಲಿ ಬರುತ್ತಾರೆ. ಪರ್ವತ ಪ್ರಸಂಗದಲ್ಲಿ ಯೇಸು ತುತ್ತೂರಿ ಊದಿಸಿಕೊಂಡು ದಾನ ಕೊಡುವವರನ್ನು ಕಪಟಿಗಳೆನ್ನುತ್ತಾನೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆನ್ನುತ್ತಾನೆ. ಪ್ರೀತಿ ಇಲ್ಲದೆ ಆಸ್ತಿಯನ್ನೆಲ್ಲ ಹಂಚಿದರೂ ತನಗೇನೂ ಬರುವುದಿಲ್ಲವೆಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಯೆಹೂದದ ಅರಸ ಅಮಚ್ಯ ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣ ಮನಸ್ಸಿನಿಂದಲ್ಲ ಎಂದು ಪೂರ್ವಕಾಲವೃತ್ತಾಂತ ಅವನ ಹೆಸರಿಗೆ ಒಂದು ಕೊಂಕು ಇಟ್ಟೇ ಮುಂದೆ ಹೋಗುತ್ತದೆ.

ಅದೇ ಪೌಲ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರಿಗೆ ಬರೆದದ್ದು ಬೇರೆ. ಕೆಲವರು ತನ್ನ ಮೇಲಿನ ಹೊಟ್ಟೆಕಿಚ್ಚಿಗೇ ಸುವಾರ್ತೆ ಸಾರುತ್ತಿದ್ದಾರೆ ಎಂದು ಅವನಿಗೆ ಗೊತ್ತು. ಸಾರಲಿ, ಹೇಗಾದರೂ ಕ್ರಿಸ್ತನ ಹೆಸರು ಹಬ್ಬುತ್ತಿದೆಯಲ್ಲ, ಅದಕ್ಕೆ ನನಗೆ ಸಂತೋಷವೇ ಎನ್ನುತ್ತಾನೆ. ಮತ್ತಾಯನ 21ನೇ ಅಧ್ಯಾಯದಲ್ಲಿ ತಂದೆ ಇಬ್ಬರು ಮಕ್ಕಳನ್ನು ತೋಟಕ್ಕೆ ಹೋಗೆನ್ನುತ್ತಾನೆ. ಒಬ್ಬ ಒಲ್ಲೆ ಎಂದು ಆಮೇಲೆ ಹೋಗುತ್ತಾನೆ, ಇನ್ನೊಬ್ಬ ಹೂಂ ಎಂದು ಹೋಗುವುದೇ ಇಲ್ಲ. ತಂದೆಯ ಚಿತ್ತ ನಡೆಸಿದವನು ಯಾರೆಂದು ಯೇಸು ಕೇಳಿದಾಗ ಒಲ್ಲೆ ಅಂದವನೇ ಎಂದು ಕೇಳುಗರು ಹೇಳಬೇಕಾಗುತ್ತದೆ. ಆ ಮಗ ತೋಟದಲ್ಲಿ ದಿನವಿಡೀ ಗೊಣಗುತ್ತಲೇ ಕೆಲಸ ಮಾಡಿದನೋ ನಗುತ್ತ ಮಾಡಿದನೋ ಕಥೆ ಹೇಳುವುದಿಲ್ಲ. ಯೋನನಂತೂ ನಿನೆವೆಗೆ ಹೋದದ್ದೇ ಮೀನಿನ ಹೊಟ್ಟೆಯ ದಾರಿಯಿಂದ. ಸಾರಿದ್ದು ಕೆಲವೇ ಮಾತು, ಅದೂ ಆ ಊರು ಉಳಿಯಬಾರದೆಂಬ ಆಸೆ ಇಟ್ಟುಕೊಂಡು. ಊರು ಉಳಿಯಿತು, ಪ್ರವಾದಿ ಸಿಟ್ಟಾಗಿ ಸೋರೆಬಳ್ಳಿಯ ನೆರಳಲ್ಲಿ ಕೂತ.

ಈ ಎರಡು ಬಗೆಯ ಮಾತುಗಳನ್ನು ಎದುರುಬದುರು ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಉದ್ದೇಶ ಶುದ್ಧವಾಗಿರಲಿ ಎಂಬ ಎಚ್ಚರಿಕೆ ಮಾಡುವವನಿಗೆ, ಅವನ ಆತ್ಮದ ಲೆಕ್ಕಕ್ಕೆ. ಕಪಟಿಯ ದಾನ ಬಡವನ ಕೈಯಲ್ಲಿ ಕಲ್ಲಾಗುತ್ತದೆಂದು ಯೇಸು ಎಲ್ಲೂ ಹೇಳಿಲ್ಲ. ಕೊಟ್ಟವನಿಗೆ ಸಿಗಬೇಕಾದ ಪ್ರತಿಫಲ ಜನರ ಹೊಗಳಿಕೆಯಲ್ಲೇ ಸಿಕ್ಕಿಹೋಯಿತು ಅಂದನಷ್ಟೇ. ಬಡವನಿಗೆ ಸಿಕ್ಕ ಅನ್ನ ಅನ್ನವೇ.

ಸಭೆಯ ಇತಿಹಾಸದಲ್ಲಿ ಈ ಪ್ರಶ್ನೆ ಹಲವು ಕಡೆ ತಲೆ ಎತ್ತಿದೆ. ಎಲ್ಲ ಕಡೆಯೂ ನಿಲ್ಲುವುದು ಬೇಡ. ಮನುಷ್ಯನ ಅತ್ಯುತ್ತಮ ಕೆಲಸದಲ್ಲೂ ಸ್ವಾರ್ಥದ ಕಲೆ ಇದ್ದೇ ಇರುತ್ತದೆ ಎಂಬುದು ಪ್ರೊಟೆಸ್ಟಂಟ್ ಸುಧಾರಕ ಲೂಥರನ ವಾದದ ಬುಡ. 1520ರಲ್ಲಿ ಸತ್ಕ್ರಿಯೆಗಳ ಬಗ್ಗೆ ಅವನು ಒಂದು ಪುಸ್ತಕವನ್ನೇ ಬರೆದ. ಕಲೆ ಇದೆ ಎಂದ ಮಾತ್ರಕ್ಕೆ ಕೈಕಟ್ಟಿ ಕೂಡು ಎಂದು ಅವನು ಹೇಳಲಿಲ್ಲ. ನಂಬಿಕೆಯ ಆಸರೆಯಲ್ಲಿ ಕಲೆಯಿದ್ದ ಕೆಲಸವನ್ನೇ ಧೈರ್ಯವಾಗಿ ಮಾಡು ಎಂಬುದೇ ಅವನ ಧಾಟಿ. ವಿಧೇಯತೆ ಮತ್ತು ನಂಬಿಕೆ ಒಂದನ್ನೊಂದು ಬಿಟ್ಟಿರಲಾರವು, ನಂಬಿಕೆ ಬರಲಿ ಆಮೇಲೆ ವಿಧೇಯನಾಗುತ್ತೇನೆ ಎನ್ನುವವನಿಗೆ ನಂಬಿಕೆಯೂ ಬರುವುದಿಲ್ಲ ಎಂದು ಹಿಟ್ಲರನ ಜರ್ಮನಿಯಲ್ಲಿ ದೇವಶಾಸ್ತ್ರಿ ಬೋನ್‌ಹಾಫರ್ 1937ರ ತನ್ನ ಪುಸ್ತಕದಲ್ಲಿ ವಾದಿಸಿದ. ಇದಕ್ಕೆ ವಿರುದ್ಧ ದಿಕ್ಕಿನ ಎಚ್ಚರವೂ ಉಂಟು. ಕವಿ ಎಲಿಯಟ್ 1935ರಲ್ಲಿ ಬರೆದ ‘ಮರ್ಡರ್ ಇನ್ ದಿ ಕೆಥೀಡ್ರಲ್’ ನಾಟಕದಲ್ಲಿ ಆರ್ಚ್‌ಬಿಷಪ್ ಬೆಕೆಟ್‌ನನ್ನು ಕಾಡುವ ನಾಲ್ಕನೆಯ ಪ್ರಲೋಭನೆ ಸುಖದ್ದಲ್ಲ, ಅಧಿಕಾರದ್ದೂ ಅಲ್ಲ. ಹುತಾತ್ಮನಾಗಿ ಮೆರೆಯುವ ಆಸೆ ಅದು. ಒಳ್ಳೆಯ ಕೆಲಸವನ್ನೇ ತಪ್ಪು ಕಾರಣಕ್ಕೆ ಮಾಡುವುದಕ್ಕಿಂತ ದೊಡ್ಡ ದ್ರೋಹವಿಲ್ಲ ಎಂದು ಬೆಕೆಟ್ ಅಲ್ಲಿ ನಡುಗುತ್ತಾನೆ. ಆದರೂ ಕೊಲ್ಲಲು ಬಂದವರಿಗೆ ಬಾಗಿಲು ತೆಗೆಸುತ್ತಾನೆ.

ನಮ್ಮ ಕಡೆಗೆ ಹತ್ತಿರವಾದ ಕಥೆ ಜಾನ್ ವೆಸ್ಲಿಯದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಪ್ರೊಟೆಸ್ಟಂಟರಲ್ಲಿ ಬಹಳ ಮಂದಿ ಮೆಥಡಿಸ್ಟರು. ನಿಜಾಮನ ಕಾಲದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಈ ಸೀಮೆಗೆ ಬಂತು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಆ ಮಿಷನ್ನಿನದೇ. ಈ ಪರಂಪರೆಯ ಮೂಲಪುರುಷ ವೆಸ್ಲಿ 1738ರ ಮಾರ್ಚಿನಲ್ಲಿ ಪೂರ್ತಿ ಕುಗ್ಗಿಹೋಗಿದ್ದ. ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ ಸೋತು ಬಂದಿದ್ದ. ತನ್ನಲ್ಲಿ ಉದ್ಧಾರಕ್ಕೆ ಬೇಕಾದ ನಂಬಿಕೆಯೇ ಇಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಇಲ್ಲದ ನಂಬಿಕೆಯನ್ನು ಊರಿಗೆಲ್ಲ ಹೇಳುವುದು ಮೋಸವಲ್ಲವೇ, ಪ್ರಸಂಗ ಮಾಡುವುದನ್ನೇ ಬಿಟ್ಟುಬಿಡಲೇ ಎಂದು ಪೀಟರ್ ಬೋಲರ್ ಎಂಬ ಮೊರೇವಿಯನ್ ತರುಣನನ್ನು ಕೇಳಿದ. ಬೋಲರನಿಗೆ ಆಗ ಇಪ್ಪತ್ತೈದು, ವೆಸ್ಲಿಗೆ ಮೂವತ್ತನಾಲ್ಕು. ಕಿರಿಯ ಹಿರಿಯನಿಗೆ ಕೊಟ್ಟ ಸಲಹೆ ಇದು: ಬಿಡಬೇಡ, ನಂಬಿಕೆ ಬರುವ ತನಕ ನಂಬಿಕೆಯನ್ನೇ ಸಾರು, ಬಂದ ಮೇಲೆ ಬಂತೆಂದು ಸಾರು. ಮರುದಿನವೇ ವೆಸ್ಲಿ ಶುರುಮಾಡಿದ. ಅವನು ಮೊದಲು ಈ ಸುವಾರ್ತೆ ಹೇಳಿದ್ದು ಸೆರೆಮನೆಯಲ್ಲಿ ಗಲ್ಲುಶಿಕ್ಷೆಗೆ ಕಾಯುತ್ತಿದ್ದ ಒಬ್ಬ ಕೈದಿಗೆ.

ಅದೇ ವರ್ಷ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಎದೆ ಬೆಚ್ಚಗಾಯಿತೆಂಬ ಕಥೆ ಮೆಥಡಿಸ್ಟ್ ಮನೆಯ ಮಕ್ಕಳಿಗೆಲ್ಲ ಗೊತ್ತು. ಆ ಸಂಜೆ ಅವನು ಕೂಟಕ್ಕೆ ಹೋದದ್ದು ಒಲ್ಲದ ಮನಸ್ಸಿನಿಂದ. ಇದನ್ನು ಅವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ, ಪ್ರಸಂಗಗಳಲ್ಲಿ ಮಾತ್ರ ಇದು ಅಷ್ಟಾಗಿ ಬರುವುದಿಲ್ಲ. ಎದೆ ಬೆಚ್ಚಗಾದ ಮೇಲೂ ಅನುಮಾನ ಬಿಡಲಿಲ್ಲ. 1739ರ ಜನವರಿಯಲ್ಲಿ ತಾನು ಕ್ರೈಸ್ತನೇ ಅಲ್ಲವೆಂದು ಬರೆದುಕೊಂಡ. 1766ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ತಾನು ದೇವರನ್ನು ಎಂದೂ ಪ್ರೀತಿಸಿಲ್ಲವೆಂದು ತಮ್ಮ ಚಾರ್ಲ್ಸ್‌ಗೆ ಕಾಗದ ಬರೆದ. ಕುದುರೆ ಹತ್ತಿ ಊರೂರು ತಿರುಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೋಲರನ ಮಾತನ್ನು ಅವನು ಅಂದು ತಿರಸ್ಕರಿಸಿದ್ದರೆ ಭೀಮಾ ತೀರದಲ್ಲಿ ಮೆಥಡಿಸ್ಟ್ ಸಭೆಗಳು ಇರುತ್ತಿದ್ದವೇ ಎಂಬುದು ಯೋಚಿಸುವ ವಿಷಯ.

ಇದು ಸಾರುವವನ ಮಾತಾಯಿತು. ಕೇಳಿ ಬಂದವರದು ಬೇರೆಯೇ ಕಥೆ.

ದಖ್ಖನಿನಲ್ಲಿ ಕ್ರೈಸ್ತರಾದವರ ಬೆನ್ನಿಗೆ ಒಂದು ಬೈಗುಳ ಅಂಟಿಕೊಂಡೇ ಬಂದಿದೆ: ಅಕ್ಕಿಗಾಗಿ ಹೋದವರು, ಹಾಲಿನ ಪುಡಿಗಾಗಿ ಹೋದವರು. ಮಿಷನರಿಗಳಿಗೂ ಇದೇ ಅಳುಕು. 1876–78ರ ಮಹಾಬರದಲ್ಲಿ ಆಂಧ್ರದ ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗ ತೋಡುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟ. ಅವರಲ್ಲಿ ಬಹಳ ಮಂದಿ ಮಾದಿಗರು. ದೀಕ್ಷಾಸ್ನಾನ ಕೊಡಿ ಎಂದು ಜನ ಮುಗಿಬಿದ್ದರೂ, ಕೂಲಿಯ ಆಸೆಗೆ ಬಂದಾರು ಎಂದು ಬರ ಮುಗಿಯುವವರೆಗೆ ಕೊಡಲೇ ಇಲ್ಲ. ಕೂಲಿ ನಿಂತ ಮೇಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ಹೊಳೆಯಲ್ಲಿ ದೀಕ್ಷಾಸ್ನಾನವಾಯಿತು. ಮಿಷನ್ ಚರಿತ್ರೆಗಳು ಈ ಸಂಖ್ಯೆಯನ್ನು ಪವಾಡದಂತೆ ಹೇಳುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕಾಯಿಸಿದ ತಿಂಗಳುಗಳು. ಹೊಟ್ಟೆಗಿಲ್ಲದವನ ಭಕ್ತಿಯನ್ನು ಒರೆಗೆ ಹಚ್ಚಿ ನೋಡಿದರು. ಅಟ್ಲಾಂಟಿಕ್ ಆಚೆ ಕೂತು ಕಾಣಿಕೆ ಕಳಿಸುತ್ತಿದ್ದವರ ಭಕ್ತಿಯನ್ನು ಹಾಗೆ ಒರೆಗೆ ಹಚ್ಚಿದವರು ಯಾರು? ಕರಾವಳಿಯಲ್ಲಿ ಬಾಸೆಲ್ ಮಿಷನ್‌ಗೂ ಇದೇ ಇಕ್ಕಟ್ಟು. ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡವರಿಗೆ ಹೊಟ್ಟೆಪಾಡು ಬೇಕೆಂದು ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದರು. ತೆಗೆದ ಮೇಲೆ, ಜನ ಬರುವುದು ಹಂಚಿಗೋ ಕ್ರಿಸ್ತನಿಗೋ ಎಂಬ ಅನುಮಾನ ಅವರಿಗೇ ಹುಟ್ಟಿತು.

ಈ ಅನುಮಾನವನ್ನು ಲೆಕ್ಕ ಹಾಕಿ ನೋಡಿದವನು ಅಮೆರಿಕದ ಮೆಥಡಿಸ್ಟ್ ಜೆ. ವಾಸ್ಕಮ್ ಪಿಕೆಟ್. ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ ಅವನ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಯಾಕೆ ಕ್ರೈಸ್ತರಾದಿರಿ ಎಂಬ ಪ್ರಶ್ನೆಗೆ 3,947 ಮಂದಿ ಕೊಟ್ಟ ಉತ್ತರಗಳನ್ನು ಅವನು ನಾಲ್ಕು ಗುಂಪು ಮಾಡಿದ. ನೂರಕ್ಕೆ ಸುಮಾರು 35 ಮಂದಿ ಮುಕ್ತಿ, ಶಾಂತಿ, ಯೇಸುವಿನ ಅರಿವು ಎಂದು ಹೇಳಿದ್ದರು. ಮಿಷನರಿಯ ಸಹಾಯ, ಮಕ್ಕಳ ಓದು, ಜಮೀನ್ದಾರನ ಕಾಟದಿಂದ ಬಿಡುಗಡೆ ಎಂದವರು ಸುಮಾರು 8. ನೆಂಟರು ಹೋದರು, ನಾವೂ ಹೋದೆವು ಎಂದವರು 22ರಷ್ಟು. ಉಳಿದವರು ಅಪ್ಪ ಅಮ್ಮ ಕ್ರೈಸ್ತರಾಗಿದ್ದರು, ಹಾಗಾಗಿ ನಾವೂ ಎಂದರು. ಆಮೇಲೆ ಅವನು ಮಾಡಿದ ಹೋಲಿಕೆಯಲ್ಲಿ ವಿಷಯದ ತಿರುಳಿದೆ. ಆರಾಧನೆಗೆ ಬರುವುದು, ಕಾಣಿಕೆ ಕೊಡುವುದು, ಹಳೆಯ ಭಯಗಳನ್ನು ಬಿಡುವುದು ಇವುಗಳಲ್ಲಿ, ಲೌಕಿಕ ಕಾರಣಕ್ಕೆ ಬಂದವರು ಆತ್ಮಿಕ ಕಾರಣ ಹೇಳಿದವರಿಗಿಂತ ಬಹಳ ಹಿಂದೆಯೇನೂ ಉಳಿದಿರಲಿಲ್ಲ. ಯಾವ ಕಾರಣಕ್ಕೆ ಬಂದರು ಎಂಬುದಕ್ಕಿಂತ ಬಂದ ಮೇಲೆ ಅವರಿಗೆ ಯಾರು ಕಲಿಸಿದರು, ಅವರನ್ನು ಯಾರು ಕೈಬಿಟ್ಟರು ಎಂಬುದರ ಮೇಲೆ ಅವರ ಮುಂದಿನ ಬದುಕು ನಿಂತಿತ್ತು. ಮಿಷನರಿಯೊಬ್ಬ ಮಾಡಿದ ಲೆಕ್ಕ, ಅವನಿಗೆ ಬೇಕಾದ ಉತ್ತರವೇ ಬಂತು ಎಂದು ಆಕ್ಷೇಪಿಸಬಹುದು. ಉತ್ತರ ಕೊಟ್ಟವರೂ ಎಂಥ ಕಾರಣ ಹೇಳಿದರೆ ಸಾಹೇಬರಿಗೆ ಇಷ್ಟವಾಗುತ್ತದೆ ಎಂದು ತಿಳಿದವರೇ ಇದ್ದಾರು. ಅಷ್ಟಿದ್ದೂ ನೂರಕ್ಕೆ ಎಂಟು ಮಂದಿ ಸಹಾಯ ಬೇಕಿತ್ತು ಎಂದು ಬಾಯಿಬಿಟ್ಟು ಹೇಳಿದರಲ್ಲ, ಆ ಪ್ರಾಮಾಣಿಕತೆಗೆ ನನ್ನ ಮೆಚ್ಚುಗೆ.

ಗಾಂಧೀಜಿ ಇಂಥ ಸಾಮೂಹಿಕ ಮತಾಂತರಗಳನ್ನು ಒಪ್ಪಲಿಲ್ಲ. ಅಂಬೇಡ್ಕರರು 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲವೆಂದ ಮೇಲೆ ದಲಿತರ ಮತಾಂತರದ ಚರ್ಚೆ ಕಾವೇರಿತ್ತು. 1936ರ ಕೊನೆಯಲ್ಲಿ ಅಮೆರಿಕದ ಮಿಷನ್ ನಾಯಕ ಜಾನ್ ಮಾಟ್ ಜೊತೆಗಿನ ಮಾತುಕತೆಯಲ್ಲಿ ಗಾಂಧೀಜಿ, ನೀವು ಹಸುವಿಗೆ ಸುವಾರ್ತೆ ಸಾರುತ್ತೀರಾ, ಅಸ್ಪೃಶ್ಯರಲ್ಲಿ ಕೆಲವರ ತಿಳಿವಳಿಕೆ ಅದಕ್ಕಿಂತ ಕಡಿಮೆ ಎಂಬರ್ಥದ ಮಾತಾಡಿದರು. ಆ ಮಾತು ಬಹಳ ಮಂದಿಗೆ ನೋವಾಯಿತು, ಆಗಬೇಕಾದದ್ದೇ. ಬಡವನಿಗೆ ಹಸಿವೂ ಇರಬಹುದು, ದೇವರ ಹಂಬಲವೂ ಇರಬಹುದು, ಎರಡೂ ಒಂದೇ ಎದೆಯಲ್ಲಿರಬಹುದು ಎಂಬುದನ್ನು ಅಷ್ಟು ದೊಡ್ಡ ಮನುಷ್ಯನೂ ಆ ಹೊತ್ತಿನಲ್ಲಿ ಕಾಣಲಿಲ್ಲ.

ಉದ್ದೇಶದ ತಕ್ಕಡಿ ಈಗ ಸರಕಾರದ ಕೈಗೂ ಬಂದಿದೆ. 2022ರ ಕರ್ನಾಟಕದ ಮತಾಂತರ ಕಾಯ್ದೆ ಉಡುಗೊರೆ, ನಗದು, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ ಎಲ್ಲವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಮತ ಬದಲಿಸುವವರು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಪಕ್ಷ ಬದಲಿಸುವ ಶಾಸಕನಿಗೆ ಇಂಥ ಪಟ್ಟಿ ಹಿಡಿದರೆ ವಿಧಾನಸೌಧದ ಅರ್ಧ ಕುರ್ಚಿ ಖಾಲಿಯಾದೀತು. ಇತ್ತ 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತ ಮುಸ್ಲಿಮರಿಗೆ ತೆರೆಯಲಿಲ್ಲ. ಹೀಗಾಗಿ ಲಾಭಕ್ಕೆ ಹೋದವರು ಎಂದು ಬೈಸಿಕೊಳ್ಳುವವನು ಕಾಗದದ ಮೇಲೆ ಲಾಭ ಕಳೆದುಕೊಂಡವನೂ ಆಗುತ್ತಾನೆ. ಭಾನುವಾರ ಚರ್ಚಿಗೆ ಹೋಗಿ, ಸರ್ಟಿಫಿಕೇಟಿನಲ್ಲಿ ಹಳೆಯ ಜಾತಿ ಉಳಿಸಿಕೊಂಡವರೂ ನಮ್ಮ ನಡುವೆ ಇದ್ದಾರೆ. ಅವರನ್ನು ಅರೆಮನಸ್ಸಿನ ಕ್ರೈಸ್ತರೆಂದು ಪ್ರಸಂಗಪೀಠದಿಂದ ಚುಚ್ಚುವುದು ಸುಲಭ. ಮಗಳ ಹಾಸ್ಟೆಲ್ ಸೀಟು ಆ ಕಾಗದದ ಮೇಲೆ ನಿಂತಿರುವವನಿಗೆ ಅದು ಅಷ್ಟು ಸುಲಭವಲ್ಲ.

ಉದ್ದೇಶದ ಅನುಮಾನವನ್ನು ಜೀವಮಾನವಿಡೀ ಹೊತ್ತವಳು ಪಂಡಿತಾ ರಮಾಬಾಯಿ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಪುರಾಣ ಹೇಳುತ್ತ ಊರೂರು ತಿರುಗುತ್ತಿದ್ದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತೆ, ಸರಸ್ವತಿ ಎಂದು ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೇ ಗಂಡ ತೀರಿಕೊಂಡ. ವೈದ್ಯಕೀಯ ಓದಬೇಕೆಂದು 1883ರಲ್ಲಿ ಮಗಳು ಮನೋರಮೆಯನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಳು. ಕಿವಿ ಕೇಳದೆ ಆ ಓದು ತಪ್ಪಿತು. ಜೊತೆಗೆ ಹೋಗಿದ್ದ ಗೆಳತಿ ಆತ್ಮಹತ್ಯೆ ಮಾಡಿಕೊಂಡಳು. ಅದಾದ ಕೆಲವೇ ದಿನಕ್ಕೆ, ಸೆಪ್ಟೆಂಬರ್ 29ರಂದು, ವಾಂಟೇಜಿನಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ಈ ಸರಣಿಯನ್ನು ಓದಿದ ಯಾರಿಗಾದರೂ ಪ್ರಶ್ನೆ ಏಳುತ್ತದೆ. ಇದು ನಂಬಿಕೆಯೋ, ವಾಂಟೇಜಿನಲ್ಲಿ ಆಸರೆ ಕೊಟ್ಟ ಸನ್ಯಾಸಿನಿ ಸಿಸ್ಟರುಗಳ ಋಣವೋ, ದುಃಖದಲ್ಲಿ ಸಿಕ್ಕ ಹಗ್ಗವೋ? ಪುಣೆಯವರು ಅದನ್ನೇ ಕೇಳಿದರು. ವಾಂಟೇಜಿನವರಿಗೂ ತೃಪ್ತಿಯಿರಲಿಲ್ಲ. ತ್ರಿಯೇಕ ದೇವರ ಸಿದ್ಧಾಂತವನ್ನು ಆಕೆ ಸಲೀಸಾಗಿ ಒಪ್ಪಲಿಲ್ಲ. ಅಲ್ಲಿನ ಸಿಸ್ಟರ್ ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು. ದೇವರಿಗೆ ವಿಧೇಯಳಾಗುತ್ತೇನೆ, ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ವಿಧೇಯತೆಯಲ್ಲ ಎಂಬ ಧಾಟಿಯಲ್ಲಿ ರಮಾಬಾಯಿ ಉತ್ತರ ಬರೆಯುತ್ತ ಹೋದಳು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದಳು. 1893ರಲ್ಲಿ ಹುಡುಗಿಯರನ್ನು ಮತಾಂತರಿಸುತ್ತಾಳೆಂದು ತಿಲಕರ ‘ಕೇಸರಿ’ ಪತ್ರಿಕೆ ಹರಿಹಾಯ್ದಿತು. ಸುಧಾರಕರಾದ ರಾನಡೆ, ಭಂಡಾರಕರರು ಸದನದ ಸಲಹಾ ಮಂಡಳಿ ಬಿಟ್ಟರು.

1907ರಲ್ಲಿ ಆಕೆ ಬರೆದ ಆತ್ಮಸಾಕ್ಷ್ಯದಲ್ಲಿ ಟೀಕಾಕಾರರು ಕನಸಿನಲ್ಲೂ ಎಣಿಸದ ಒಪ್ಪಿಗೆಯೊಂದಿದೆ. ದೀಕ್ಷಾಸ್ನಾನವಾದಾಗ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಸಿಕ್ಕಿದ್ದು ಸುಮಾರು ಎಂಟು ವರ್ಷ ಕಳೆದ ಮೇಲೆ ಎಂದು ಆಕೆಯೇ ಹೇಳುತ್ತಾಳೆ. ಈ ಎಂಟು ವರ್ಷದಲ್ಲಿ ಆಕೆ ಅಮೆರಿಕದಲ್ಲಿ ಊರೂರು ತಿರುಗಿ ವಿಧವೆಯರಿಗಾಗಿ ಹಣ ಕೂಡಿಸಿದ್ದಳು, ಶಾರದಾ ಸದನ ಕಟ್ಟಿದ್ದಳು, ತಲೆ ಬೋಳಿಸಿಕೊಂಡು ಮೂಲೆ ಸೇರಿದ್ದ ಹುಡುಗಿಯರಿಗೆ ಅಕ್ಷರ ಕಲಿಸಿದ್ದಳು. ಒಳಗಿನ ಖಾತ್ರಿ ಬರಲಿ ಎಂದು ಕಾದಿದ್ದರೆ ಆ ಹುಡುಗಿಯರಿಗೆ ಎಂಟು ವರ್ಷ ತಡವಾಗುತ್ತಿತ್ತು. ವಿಧವೆಗೆ ಎಂಟು ವರ್ಷವೆಂದರೆ ಅಂದಿನ ದಿನದಲ್ಲಿ ಅರ್ಧ ಬದುಕು.

ಮುಂದೆ 1896ರ ಬರದಲ್ಲಿ ಆಕೆ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಕೇಡಗಾಂವಿನಲ್ಲಿ ಮುಕ್ತಿ ಸದನ ಕಟ್ಟಿದಳು. ಅಫಜಲಪುರ, ಆಳಂದದಿಂದ ದುಡಿಯಲು ಪುಣೆಗೆ ಹೊರಟವರು ರೈಲಿನಲ್ಲಿ ದೌಂಡ್ ದಾಟಿದ ಮೇಲೆ ಆ ಸ್ಟೇಷನ್ ಹಾದೇ ಹೋಗುತ್ತಾರೆ. ಆ ಬರಕ್ಕೆ ಆಕೆ ಓಡಿದ್ದು ಕ್ರಿಸ್ತನ ಪ್ರೀತಿಗೋ, ಹಿಂದಿನ ಬರದಲ್ಲಿ ಕಣ್ಣೆದುರೇ ಸತ್ತ ತಾಯಿಯ ನೆನಪಿಗೋ? ಎರಡನ್ನೂ ಬೇರೆ ಮಾಡಲು ಆಕೆಗೇ ಆಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ನಮ್ಮ ಜಿಲ್ಲೆಯವರಿಗೆ ಆಕೆಯ ಹೆಸರು ಹೊಸದಾಗಬಾರದು. 1912ರಲ್ಲಿ ನಿಜಾಮನ ಗುಲ್ಬರ್ಗದಲ್ಲಿ ಆಕೆ ಒಂದು ಕ್ರಿಶ್ಚಿಯನ್ ಹೈಸ್ಕೂಲು ತೆರೆದಳು. ಮಗಳು ಮನೋರಮೆ ಅದರ ಪ್ರಿನ್ಸಿಪಾಲಳಾದಳು. ಹಿಂದುಳಿದ ಜಿಲ್ಲೆಯ ಊರು. ಮಿಷನ್ನಿನ ಹೆಸರಾಗಲಿ ಎಂಬ ಆಸೆ ಅದರಲ್ಲಿ ಇರಲಿಲ್ಲವೇ? ಇದ್ದೀತು. ಹುಡುಗಿಯರು ಓದಿದರು.

ಇದು ಕ್ರೈಸ್ತರದೇ ಸಮಸ್ಯೆ ಎಂದುಕೊಳ್ಳುವವರು ದೇವಲ ಗಾಣಗಾಪುರಕ್ಕೆ ಒಂದು ಮಧ್ಯಾಹ್ನ ಹೋಗಿ ಬರಬೇಕು. ದತ್ತ ಅಲ್ಲಿ ದಿನಾ ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಅದಕ್ಕೇ ಮಧುಕರಿ ಬೇಡಲು ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಬೇಡುವವನು ರೋಗ ವಾಸಿಯಾಗಲೆಂದು, ಗಾಳಿ ಬಿಡಲೆಂದು ಹರಕೆ ಹೊತ್ತವನು. ನೀಡುವವನು ಬಂದವನೇ ದತ್ತನಾಗಿದ್ದರೆ ಎಂಬ ಅಂಜಿಕೆಯವನು. ಇಬ್ಬರಲ್ಲೂ ಲೆಕ್ಕಾಚಾರ ಇದ್ದೇ ಇದೆ, ರೊಟ್ಟಿಯಂತೂ ಜೋಳಿಗೆಗೆ ಬೀಳುತ್ತದೆ. ಪ್ರಾರ್ಥನಾಕೂಟಕ್ಕೆ ಗಂಡನ ಕುಡಿತ ಬಿಡಿಸಲೆಂದು ಬರುವ ಹೆಣ್ಣುಮಗಳೂ ಇವರ ನೆರೆಯವಳೇ. ಜೇವರ್ಗಿಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ದಾಸೋಹದ ಬಗ್ಗೆ ಇಟ್ಟ ಮಟ್ಟ ಬಹಳ ಎತ್ತರದ್ದು, ಕೊಟ್ಟೆನೆಂಬ ಭಾವವೂ ಅಲ್ಲಿ ಇರಕೂಡದು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಕಡಕೋಳ ಮಡಿವಾಳಪ್ಪ ತನ್ನ ತತ್ವಪದಗಳಲ್ಲಿ ಡಾಂಭಿಕರನ್ನು ಜಾಡಿಸಿದ ಪರಿ ಇಂದಿಗೂ ಭಜನೆಯಲ್ಲಿ ಕೇಳುತ್ತದೆ. ಅವನು ಚಾಟಿ ಬೀಸಿದ್ದು ಬಹುಪಾಲು ಮಠದ ಗದ್ದುಗೆಯ ಕಡೆಗೆ. ದಾಸೋಹದ ಸಾಲಿನಲ್ಲಿ ಗಂಗಾಳ ಹಿಡಿದು ಕೂತವನ ಕಡೆಗೆ ಅಲ್ಲ.

ಚಾಟಿ ಯಾರ ಕಡೆ ಬೀಸಬೇಕೆಂಬುದನ್ನು ನಮ್ಮ ಸಭೆಗಳು ಮಡಿವಾಳಪ್ಪನಿಂದ ಕಲಿಯಬೇಕು. ಯಾಕೆಂದರೆ, ಮನಸ್ಸು ಹೇಗಿದ್ದರೂ ಕೆಲಸವಾದರೆ ಸಾಕು ಎಂಬ ವಾದದ ಬೆನ್ನಿಗೇ ಒಂದು ಕಳ್ಳದಾರಿ ಇದೆ. ವಿದೇಶದ ದಾನಿಗೆ ಕಳಿಸಲು ಪ್ರತಿ ಮನೆಯ ದೀಕ್ಷಾಸ್ನಾನದ ಫೋಟೊ ತೆಗೆಸುವವರು, ಅನಾಥಾಲಯದ ಹೆಸರಲ್ಲಿ ಸ್ವಂತ ಸೈಟು ಕೊಳ್ಳುವವರು, ಗುಣವಾಗದ ರೋಗಿಗೆ ನಿನ್ನ ನಂಬಿಕೆ ಸಾಲದು ಎನ್ನುವವರು ಇದೇ ವಾದ ಹಿಡಿದು ಪಾರಾಗುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಈ ತಾಲೂಕಿನ ಹಳ್ಳಿಗಳು ಮುಳುಗಿದಾಗ ಕಾಳಜಿ ಕೇಂದ್ರಗಳ ಮುಂದೆ ನಡೆದದ್ದನ್ನು ನೆನೆಯಿರಿ. ಅಕ್ಕಿ, ಎಣ್ಣೆ, ಬೇಳೆಯ ಕಿಟ್ಟು ಒಬ್ಬರು ಹಿಡಿದರೆ ಬ್ಯಾನರ್ ಹಿಡಿಯುವವರು ನಾಲ್ವರು. ಪಕ್ಷ, ಮಠ, ಸಂಘ, ಸಭೆ, ಯಾರೂ ಇದಕ್ಕೆ ಹೊರತಲ್ಲ. “ಯವ್ವಾ, ಈ ಕಡಿ ನೋಡ್ರಿ” ಎಂದು ಫೋಟೊದವನು ಕೂಗುವ ತನಕ ಕಿಟ್ಟು ಕೈ ಬಿಡುವುದಿಲ್ಲ. ಬ್ಯಾನರ್ ಇದ್ದರೂ ಕೊಡಬೇಕೇ? ಕೊಡಬೇಕು, ಆಕೆಯ ಒಲೆ ನೀರಲ್ಲಿದೆ. ಆದರೆ ಆ ಫೋಟೊ ಯಾರ ಬೊಕ್ಕಸಕ್ಕೆ ಏನು ತಂದಿತು, ಲೆಕ್ಕ ಎಲ್ಲಿದೆ ಎಂದು ಆಮೇಲೆ ಕೇಳಲೇಬೇಕು. ಕೈಯಲ್ಲಿ ಹಣ, ಅಧಿಕಾರ, ಮೈಕು ಇರುವವನ ಉದ್ದೇಶವನ್ನು ಲೆಕ್ಕಪತ್ರದಲ್ಲಿ ಹುಡುಕಬೇಕು, ಕಣ್ಣೀರಿನ ಸಾಕ್ಷಿಯಲ್ಲಿ ಅಲ್ಲ. ಸಾಲಿನಲ್ಲಿ ನಿಂತವನ ಉದ್ದೇಶವನ್ನು ದೇವರಿಗೆ ಬಿಡಬಹುದು.

ಸ್ವಂತ ಉದ್ದೇಶದ ಮಾತು ಬಂದಾಗ ಮಾತ್ರ ಲೆಕ್ಕಪತ್ರ ಕೆಲಸಕ್ಕೆ ಬರುವುದಿಲ್ಲ. ಕಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಹತ್ತು ವರ್ಷಕ್ಕೆ ಆಕೆಯ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ, ಒಳಗೆ ಬರೀ ಕತ್ತಲೆ ಇಟ್ಟುಕೊಂಡು ಆಕೆ ಕೆಲಸ ಮಾಡಿದ್ದು ಅದರಿಂದ ತಿಳಿಯಿತು. ಇದನ್ನು ಓದಿ ಕೆಲವರು ಎಲ್ಲಾ ನಾಟಕ ಎಂದರು. ನಾಟಕವಾಡುವವನಿಗೆ ನೋಡುವವರು ಬೇಕು. ಸಾಯುವವನ ಹುಣ್ಣು ತೊಳೆಯುವಾಗ ನೋಡುವವರು ಕಡಿಮೆ. ಬಿತ್ತನೆಗೆ ಹದ ನೋಡುವ ರೈತ ಒಂದು ಮಳೆ ಕಾಯುತ್ತಾನೆ, ಹದವಾದ ನೆಲ ತನ್ನಿಂದ ತಾನೇ ಸಿಕ್ಕುತ್ತದೆ. ಮನಸ್ಸಿಗೆ ಅಂಥ ಮಳೆಗಾಲವಿಲ್ಲ. ಅದು ಹದವಾಗುವುದಿದ್ದರೆ ಬಿತ್ತುತ್ತ ಬಿತ್ತುತ್ತಲೇ ಆಗಬೇಕು. ಆಗದೆಯೂ ಇರಬಹುದು, ತೆರೇಸಾಗೆ ಆಗದೆ ಹೋದಂತೆ.

ಮತ್ತಾಯ 5ರಲ್ಲಿ ಯೇಸು ಕೊಟ್ಟ ಒಂದು ಆಜ್ಞೆ ಈ ದೃಷ್ಟಿಯಿಂದ ಗಮನಿಸುವಂಥದ್ದು. ಯಜ್ಞವೇದಿಯ ಮುಂದೆ ಕಾಣಿಕೆ ಇಡುವಾಗ ಅಣ್ಣನೋ ತಮ್ಮನೋ ನಿನ್ನ ಮೇಲೆ ಬೇಸರವಾಗಿದ್ದಾನೆಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನವಾಗು. ಮೊದಲು ನಿನ್ನ ಸಿಟ್ಟು ಆರಲಿ ಎಂದು ಅಲ್ಲಿಲ್ಲ. ಹೋಗು ಎಂದಿದೆ. ಈ ಸೀಮೆಯಲ್ಲಿ ಅಂಥ ಬೇಸರಕ್ಕೆ ಸಾಮಾನ್ಯವಾಗಿ ಒಡ್ಡೇ ಕಾರಣ: ವಾಟ್ನಿಯಲ್ಲಿ ಬಂದ ಹೊಲ, ಅಣ್ಣ ಒತ್ತಿದನೆಂಬ ಎರಡು ಮೊಳ ನೆಲ. ಪ್ರಸಂಗ ಕೇಳಿ ಎದ್ದ ತಮ್ಮ ಅಣ್ಣನ ಮನೆಗೆ ಹೊರಟಾಗ ಅವನ ತಲೆಯಲ್ಲಿ ಯೇಸುವಿನ ಮಾತೊಂದೇ ಇರುವುದಿಲ್ಲ. ಬೆಳೆಸಾಲಕ್ಕೆ ಉತಾರದ ಮೇಲೆ ಅಣ್ಣನ ಸಹಿ ಬೇಕಾಗಿರುತ್ತದೆ. ಬರುವ ತಿಂಗಳು ಮಗಳ ಮದುವೆ ಇರುತ್ತದೆ, ದೊಡ್ಡಪ್ಪ ಚಪ್ಪರದಲ್ಲಿ ಇಲ್ಲದಿದ್ದರೆ ಬೀಗರು ಕೇಳುತ್ತಾರೆ. ಅಣ್ಣ ಕಟ್ಟೆಯ ಮೇಲಿಂದ ಏಳದೆಯೇ, “ಯಾಕ ಬಂದಿ? ಸಹಿ ಬೇಕಾಗಿತ್ತೇನು?” ಎನ್ನುತ್ತಾನೆ. ಇಲ್ಲ ಎಂದು ತಮ್ಮ ಸುಳ್ಳು ಹೇಳಿ ಭಕ್ತನಾಗಬಹುದು, ಅಥವಾ ಬಂದ ದಾರಿ ಹಿಡಿಯಬಹುದು. “ಸಹೀನೂ ಬೇಕು ಯಣ್ಣಾ, ನಿನ್ ಕೂಡ ಮಾತೂ ಬೇಕು” ಎಂದು ನಿಂತುಕೊಳ್ಳಲೂಬಹುದು. ಹಾಗೆ ಹೇಳಿದವನಿಗೆ ಅಣ್ಣ ಅಂದೇ ಸಹಿ ಹಾಕುತ್ತಾನೆಂಬ ಖಾತ್ರಿ ಏನೂ ಇಲ್ಲ, ಮುಂದಿನ ಭಾನುವಾರ ಮತ್ತೆ ಹೋಗಬೇಕಾದೀತು.